33 ದಿನ: ಒಬ್ಬ ಸ್ವಯಂಸೇವಕ ಸೈನಿಕನ ಪ್ರಕರಣ

1849ರ ಜೂನ್ 3ರಂದು ರೋಮ್ ನಗರದ ಕೋಟೆಗೋಡೆಯಾಚೆ ಒಬ್ಬ 21 ವರ್ಷದ ಯುವಕನ ಎಡಗಾಲಿಗೆ ಗಾಯವಾಯಿತು. ಜೂನ್ 19ರಂದು ವೈದ್ಯರು ಆ ಕಾಲನ್ನು ಕತ್ತರಿಸಿದರು. ಜುಲೈ 6ರ ಬೆಳಗ್ಗೆ ಅವನು ಆಸ್ಪತ್ರೆಯಲ್ಲೇ ತೀರಿಕೊಂಡ. ಗಾಯಕ್ಕೂ ಸಾವಿಗೂ ನಡುವೆ 33 ದಿನ. ಆ ದಿನಗಳಲ್ಲಿ, ಅದಕ್ಕೂ ಮುಂಚಿನ ಒಂದೂಕಾಲು ವರ್ಷದಲ್ಲಿ, ಯಾರು ಯಾವಾಗ ಏನು ತೀರ್ಮಾನ ತೆಗೆದುಕೊಂಡರು ಅನ್ನುವುದೇ ಈ ಪ್ರಕರಣ.

ಅವನನ್ನು ಇಲ್ಲಿ 'ಗ' ಎಂದು ಕರೆಯುತ್ತೇನೆ. ಇಟಲಿಯಲ್ಲಿ ಅವನ ನಿಜವಾದ ಹೆಸರು ಶಾಲೆ ಮಕ್ಕಳಿಗೂ ಗೊತ್ತು. ಬೀದಿಗಳಿಗೆ, ಶಾಲೆಗಳಿಗೆ ಆ ಹೆಸರಿಟ್ಟಿದ್ದಾರೆ. ಹುಡುಕುವವರಿಗೆ ಸುಲಭವಾಗಿ ಸಿಗುತ್ತದೆ. ಆದರೂ ನಾನು ಬೇಕೆಂದೇ ಅದನ್ನು ಬದಿಗಿಟ್ಟಿದ್ದೇನೆ. ಆ ಹೆಸರು ಬಂದ ಕೂಡಲೇ ಪ್ರತಿಮೆ ಬರುತ್ತದೆ, ಹೂವಿನ ಹಾರ ಬರುತ್ತದೆ, ಕಾಲಿನ ಗಾಯ ಕಣ್ಣಿಗೆ ಬೀಳುವುದೇ ಇಲ್ಲ. ಹುತಾತ್ಮ ಎಂದು ಕರೆದುಬಿಟ್ಟರೆ ಅವನ ಸಾವನ್ನು ತಡೆಯಬಹುದಿತ್ತಾ ಎಂದು ಕೇಳುವುದೇ ತಪ್ಪು ಅನ್ನಿಸಿಬಿಡುತ್ತದೆ. ನನಗೆ ಆ ಪ್ರಶ್ನೆ ಕೇಳಬೇಕಿದೆ. ಹಾಗಾಗಿ ಅವನ ಮನೆಯವರು, ಸ್ನೇಹಿತರು, ಕಾಲು ಕತ್ತರಿಸಿದ ವೈದ್ಯರು, ಯಾರ ಹೆಸರೂ ಇಲ್ಲಿಲ್ಲ. ಇತಿಹಾಸದ ದೊಡ್ಡ ಪಾತ್ರಗಳ ಹೆಸರನ್ನು ಮಾತ್ರ ಬಿಡಲು ಆಗುವುದಿಲ್ಲ.

ಸ್ವಯಂಸೇವಕರನ್ನು ಒಟ್ಟುಗೂಡಿಸಿ ಅಪಾಯದ ಜಾಗಕ್ಕೆ ಕರೆದೊಯ್ಯುವವರು ಇದನ್ನು ಓದಲಿ ಎಂಬುದು ನನ್ನ ಆಸೆ. ಅದು ಯುದ್ಧವೇ ಆಗಬೇಕಿಲ್ಲ. ತಾನಾಗಿ ಬಂದವನ ಜೊತೆ ಹೇಗೆ ನಡೆದುಕೊಳ್ಳಬೇಕು ಎಂಬ ತೊಡಕು ಎಲ್ಲ ಕಡೆಯೂ ಒಂದೇ.

ಹಿನ್ನೆಲೆ

ಗ ಹುಟ್ಟಿದ್ದು 1827ರ ಸೆಪ್ಟೆಂಬರ್‌ನಲ್ಲಿ, ಜಿನೋವಾ ಬಂದರಿನಲ್ಲಿ. ಆಗ ಇಟಲಿ ಎಂಬ ಒಂದು ದೇಶ ಇರಲಿಲ್ಲ. ಜಿನೋವಾ ಸಾರ್ಡೀನಿಯಾ ರಾಜನ ಕೈಯಲ್ಲಿತ್ತು. ಮಿಲಾನ್ ಮತ್ತು ವೆನಿಸ್ ಆಸ್ಟ್ರಿಯಾದ ಕೈಯಲ್ಲಿದ್ದವು. ರೋಮ್ ಮತ್ತು ಅದರ ಸುತ್ತಲಿನ ನಾಡನ್ನು ಪೋಪ್ ಆಳುತ್ತಿದ್ದರು. ದಕ್ಷಿಣಕ್ಕೆ ನೇಪಲ್ಸ್ ರಾಜನಿದ್ದ. ಗ ತಂದೆ ಸಾರ್ಡೀನಿಯಾ ನೌಕಾಪಡೆಯ ದೊಡ್ಡ ಅಧಿಕಾರಿ. ತಾಯಿ ಜಿನೋವಾದ ಹಳೆಯ ಶ್ರೀಮಂತ ಮನೆತನದವರು. ಕಾಲರಾ ಭಯಕ್ಕೆ ಚಿಕ್ಕಂದಿನಲ್ಲಿ ಅವನನ್ನು ಸಾರ್ಡೀನಿಯಾ ದ್ವೀಪದಲ್ಲಿದ್ದ ಅಜ್ಜನ ಮನೆಗೆ ಕಳಿಸಿದ್ದರು. ಅಷ್ಟು ಜೋಪಾನವಾಗಿ ಬೆಳೆದ ಮಗ.

ಓದಿನಲ್ಲಿ ಚುರುಕು. ಕವಿತೆ ಬರೆಯುತ್ತಿದ್ದ. 1847ರಲ್ಲಿ, 20ರ ಹರೆಯದಲ್ಲಿ, ಅವನು ಬರೆದ ಒಂದು ಹಾಡು ಕೆಲವೇ ತಿಂಗಳಲ್ಲಿ ಊರಿಂದ ಊರಿಗೆ ಹರಡಿತು. ಅದನ್ನು ಹಾಡಿಕೊಂಡು ಯುವಕರು ಬೀದಿಗಿಳಿಯುತ್ತಿದ್ದರು. ಈ ಪ್ರಕರಣದಲ್ಲಿ ಇದು ಮುಖ್ಯ. ತಾನು ಬರೆದ ಸಾಲುಗಳನ್ನು ನಂಬಿ ಬೇರೆಯವರು ಪ್ರಾಣ ಕೊಡಲು ಹೊರಟಾಗ ಬರೆದವನು ಹಿಂದೆ ಉಳಿಯುವುದು ಹೇಗೆ? ಅವನ ಮುಂದಿನ ನಡೆಗಳನ್ನೆಲ್ಲ ನೋಡಿದರೆ, ಆ ಭಾರ ಅವನ ಹೆಗಲ ಮೇಲೆ ಸದಾ ಇತ್ತು ಎಂದೇ ನನಗೆ ಕಾಣುತ್ತದೆ.

1848ರ ಮಾರ್ಚ್ 18ರಂದು ಮಿಲಾನ್‌ನ ಜನ ಆಸ್ಟ್ರಿಯಾ ಸೈನ್ಯದ ಮೇಲೆ ತಿರುಗಿಬಿದ್ದರು. ಐದು ದಿನ ಬೀದಿ ಬೀದಿಯಲ್ಲಿ ಕಾದಾಡಿ ಸೈನ್ಯವನ್ನು ಊರಿಂದ ಹೊರಹಾಕಿದರು. ಸುದ್ದಿ ಕೇಳಿದ ಗ ಜಿನೋವಾದಲ್ಲಿ ಸುಮಾರು 300 ಜನ ಸ್ವಯಂಸೇವಕರನ್ನು ಸೇರಿಸಿಕೊಂಡು ಮಿಲಾನ್ ಕಡೆ ಹೊರಟ. ಯಾರ ಅಪ್ಪಣೆಗೂ ಕಾಯಲಿಲ್ಲ. ಆಮೇಲಿನ ತಿಂಗಳುಗಳಲ್ಲಿ ಮಿಲಾನ್ ಸುತ್ತಲಿನ ಲೊಂಬಾರ್ಡಿ ನಾಡಿನ ಯುದ್ಧದಲ್ಲಿ ಸೇವೆ ಮಾಡಿದ.

ಆ ಯುದ್ಧ ಸೋತಿತು. ಜುಲೈ ಕೊನೆಯಲ್ಲಿ ಕುಸ್ತೋಜಾದಲ್ಲಿ, ಆಸ್ಟ್ರಿಯಾ ವಿರುದ್ಧ ಯುದ್ಧಕ್ಕಿಳಿದಿದ್ದ ಸಾರ್ಡೀನಿಯಾ ರಾಜನ ಸೈನ್ಯ ಪೆಟ್ಟು ತಿಂದಿತು. ಆಗಸ್ಟ್ 9ರಂದು ಕದನವಿರಾಮವಾಯಿತು. ಸ್ವಯಂಸೇವಕರ ಪಾಲಿಗೆ ಅದು ಕಹಿ ಅನುಭವ. ರಾಜನ ಸೇನಾಧಿಕಾರಿಗಳಿಗೆ ಈ ಹುಡುಗರ ಮೇಲೆ ನಂಬಿಕೆ ಇರಲಿಲ್ಲ. ಸರಿಯಾದ ತರಬೇತಿ ಇಲ್ಲ, ಶಿಸ್ತು ಇಲ್ಲ, ಮೇಲಾಗಿ ಗಣರಾಜ್ಯ ಅಂತ ಮಾತಾಡುತ್ತಾರೆ ಎಂಬ ಅನುಮಾನ. ಈ ಹುಡುಗರು ಅದರಿಂದ ಕಲಿತದ್ದು ಒಂದೇ: ನಮ್ಮನ್ನು ಗೌರವಿಸುವ ನಾಯಕನ ಹತ್ತಿರ ಮಾತ್ರ ಹೋಗಬೇಕು. ಹಾಗೆ ಸಿಕ್ಕಿದವರು ಗ್ಯಾರಿಬಾಲ್ಡಿ. ದಕ್ಷಿಣ ಅಮೆರಿಕದಲ್ಲಿ ವರ್ಷಗಟ್ಟಲೆ ಹೋರಾಡಿ ಅದೇ 1848ರಲ್ಲಿ ಅವರು ಇಟಲಿಗೆ ಮರಳಿದ್ದರು. ಸ್ವಯಂಸೇವಕರನ್ನು ಸಂಬಳದ ಸಿಪಾಯಿಗಳಂತೆ ನೋಡದೆ ಜೊತೆಗಾರರಂತೆ ನೋಡುತ್ತಿದ್ದರು. ಅವರ ಬಲ ಅದೇ. ಜೂನ್ 3ರ ಸಂಜೆ ಎಡವಿದ್ದೂ ಅಲ್ಲೇ.

ರೋಮ್‌ಗೆ

ರೋಮ್‌ನಲ್ಲಿ ಘಟನೆಗಳು ಬೇಗ ಬೇಗ ನಡೆದವು. 1848ರ ನವೆಂಬರ್ 15ರಂದು ಪೋಪ್ ಅವರ ಮಂತ್ರಿಯ ಕೊಲೆಯಾಯಿತು. ನವೆಂಬರ್ 24ರ ರಾತ್ರಿ ಪೋಪ್ 9ನೇ ಪಯಸ್ ವೇಷ ಬದಲಿಸಿಕೊಂಡು ನೇಪಲ್ಸ್ ರಾಜ್ಯದ ಗಾಯೆತಾಕ್ಕೆ ಹೊರಟುಹೋದರು. 1849ರ ಫೆಬ್ರವರಿ 9ರಂದು ರೋಮ್ ಗಣರಾಜ್ಯ ಎಂದು ಘೋಷಣೆಯಾಯಿತು. ಆಗ ಅಲ್ಲೇ ಇದ್ದ ಗ, ಇಟಲಿ ಒಂದೇ ಗಣರಾಜ್ಯವಾಗಬೇಕು ಎಂದು ಹೋರಾಡುತ್ತಿದ್ದ ತನ್ನ ಗುರು ಮ್ಯಾಜಿನಿಗೆ ಮೂರೇ ಮಾತಿನ ಸಂದೇಶ ಕಳಿಸಿದ: "ರೋಮ್! ಗಣರಾಜ್ಯ! ಬನ್ನಿ!" ಮ್ಯಾಜಿನಿ ಬಂದರು. ಸ್ವಲ್ಪ ದಿನದಲ್ಲೇ ಗಣರಾಜ್ಯವನ್ನು ನಡೆಸುವ ಮೂವರಲ್ಲಿ ಒಬ್ಬರಾದರು. (ಮ್ಯಾಜಿನಿ ಮತ್ತು ಗ್ಯಾರಿಬಾಲ್ಡಿ ಬಗ್ಗೆ ನಮ್ಮ ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಇಲ್ಲೂ ತುಂಬಾ ಓದುತ್ತಿದ್ದರು. ಲಾಲಾ ಲಜಪತ್ ರಾಯ್ ಇಬ್ಬರ ಜೀವನವನ್ನೂ ಬರೆದಿದ್ದಾರೆ.)

ಮಾರ್ಚ್ 23ರಂದು ನೊವಾರಾದಲ್ಲಿ ಸಾರ್ಡೀನಿಯಾದ ರಾಜ ಮತ್ತೆ ಸೋತು ಪಟ್ಟ ಬಿಟ್ಟ. ಇನ್ನು ಉಳಿದದ್ದರಲ್ಲಿ ಮುಖ್ಯವಾದವು ರೋಮ್ ಮತ್ತು ವೆನಿಸ್. ಏಪ್ರಿಲ್ ಕೊನೆಗೆ ಫ್ರಾನ್ಸ್‌ನ ಸೈನ್ಯ ಜನರಲ್ ಉದಿನೋ ಕೈಕೆಳಗೆ ಚಿವಿತಾವೆಕ್ಕಿಯಾ ಬಂದರಿನಲ್ಲಿ ಇಳಿಯಿತು. ಪೋಪ್ ಅವರನ್ನು ಮತ್ತೆ ಕೂರಿಸುವುದು ಅವರ ಉದ್ದೇಶ. ಏಪ್ರಿಲ್ 30ರಂದು ಗೋಡೆಯವರೆಗೆ ಬಂದ ಫ್ರೆಂಚರನ್ನು ರೋಮ್‌ನವರು ಹಿಂದಕ್ಕಟ್ಟಿದರು. ಮೇ ತಿಂಗಳಲ್ಲಿ ಗ್ಯಾರಿಬಾಲ್ಡಿಯ ಪಡೆ ಪಾಲೆಸ್ತ್ರೀನಾ, ವೆಲ್ಲೆತ್ರಿಗಳಲ್ಲಿ ನೇಪಲ್ಸ್ ಸೈನ್ಯವನ್ನು ಎದುರಿಸಿತು. ಅಷ್ಟರಲ್ಲಿ ಫ್ರಾನ್ಸ್‌ನಿಂದ ಸಂಧಿಯ ಮಾತಿಗೆ ಲೆಸೆಪ್ಸ್ ಬಂದಿದ್ದರು. ಮುಂದೆ ಸುಯೆಜ್ ಕಾಲುವೆ ತೋಡಿಸಿದವರು ಇವರೇ. ಅವರ ಮಾತುಕತೆ ನಡೆದಷ್ಟು ದಿನ ಫಿರಂಗಿ ಸುಮ್ಮನಿತ್ತು. ಫ್ರಾನ್ಸ್‌ನ ಸರ್ಕಾರ ಆ ಸಂಧಿಯನ್ನು ಒಪ್ಪಲಿಲ್ಲ. ಆ ಬಿಡುವಿನಲ್ಲಿ ಉದಿನೋಗೆ ಹೆಚ್ಚಿನ ಸೈನ್ಯ ಬಂದು ಸೇರಿತ್ತು. ಜೂನ್ ಶುರುವಾಗುವ ಹೊತ್ತಿಗೆ ಅವರ ಬಳಿ ಸುಮಾರು 20 ಸಾವಿರ ಜನ.

ಗ ಈ ಹೊತ್ತಿಗೆ ಗ್ಯಾರಿಬಾಲ್ಡಿಯ ಸಹಾಯಕ ಅಧಿಕಾರಿ. ನಾಯಕನ ಪಕ್ಕದಲ್ಲಿದ್ದು ಆದೇಶಗಳನ್ನು ಅಲ್ಲಿಂದಿಲ್ಲಿಗೆ ಮುಟ್ಟಿಸುವುದು, ಸುದ್ದಿ ತರುವುದು ಅವನ ಕೆಲಸ. ಜವಾಬ್ದಾರಿಯ ಕೆಲಸ ಅದು. ಆದರೆ ಅವನ ಕಣ್ಣಿಗೆ ಅದು ಯುದ್ಧವಾಗಿ ಕಾಣಲಿಲ್ಲ.

ಜೂನ್ 3

ಉದಿನೋ ಜೂನ್ 4ರ ಸೋಮವಾರಕ್ಕೆ ಮುಂಚೆ ನಗರದ ಮೇಲೆ ದಾಳಿ ಮಾಡುವುದಿಲ್ಲ ಎಂದು ಬರೆದು ಕಳಿಸಿದ್ದರು. 3ರ ಭಾನುವಾರ ಬೆಳಗಿನ ಜಾವವೇ ಅವರ ಸೈನ್ಯ ಗೋಡೆಯಾಚೆಯ ತೋಟದ ಮನೆಗಳಿಗೆ ನುಗ್ಗಿತು. ನಾನು ಮಾತು ಕೊಟ್ಟದ್ದು ನಗರದ ಬಗ್ಗೆ, ಹೊರಗಿನ ಕಾವಲು ಠಾಣೆಗಳ ಬಗ್ಗೆ ಅಲ್ಲ ಎಂಬುದು ಅವರ ವಾದ. ರೋಮ್‌ನವರು ಇನ್ನೊಂದು ದಿನ ಇದೆ ಎಂದು ಮಲಗಿದ್ದರು.

ಸಾನ್ ಪಾಂಕ್ರಾಜಿಯೋ ಬಾಗಿಲಿನ ಹೊರಗೆ, ಜನಿಕುಲಂ ಗುಡ್ಡದ ನೆತ್ತಿಯಲ್ಲಿ ವಿಲ್ಲಾ ಕೋರ್ಸಿನಿ ಎಂಬ ಮನೆಯಿತ್ತು. ನಾಲ್ಕಂತಸ್ತಿನ ಎತ್ತರದ ಕಟ್ಟಡ. ಅದು ಯಾರ ಕೈಯಲ್ಲಿದೆಯೋ ಅವರ ಫಿರಂಗಿ ನಗರದ ಗೋಡೆಯನ್ನು ನೇರವಾಗಿ ಹೊಡೆಯಬಹುದು. ಫ್ರೆಂಚರು ಅದನ್ನು ಹಿಡಿದರು. ಗ್ಯಾರಿಬಾಲ್ಡಿ ಅದನ್ನು ಮರಳಿ ಪಡೆಯಲೇಬೇಕಾಯಿತು.

ನೆಲದ ರಚನೆ ದಾಳಿ ಮಾಡುವವರಿಗೆ ವಿರುದ್ಧವಾಗಿತ್ತು. ನಗರದ ಬಾಗಿಲಿನಿಂದ ಹೊರಬಂದವರು ತೋಟದ ಇಕ್ಕಟ್ಟಾದ ಗೇಟಿನಲ್ಲಿ ನುಗ್ಗಿ, ಏರುದಾರಿಯಲ್ಲಿ ಮನೆಯತ್ತ ಓಡಬೇಕು. ಮೇಲಿನ ಕಿಟಕಿಗಳಿಂದ, ಗೋಡೆಯ ಸಂದಿಗಳಿಂದ ಗುಂಡು. ಆ ದಿನ ಮನೆ ಹಲವು ಬಾರಿ ಕೈ ಬದಲಾಯಿಸಿತು. ಪ್ರತಿ ಸಲವೂ ಗ್ಯಾರಿಬಾಲ್ಡಿಯ ಜನ ಅದನ್ನು ಹಿಡಿದರು, ಹಿಡಿದವರು ಕಡಿಮೆ ಇದ್ದದ್ದರಿಂದ ಮತ್ತೆ ಕಳೆದುಕೊಂಡರು. ಒಂದು ಹಂತದಲ್ಲಿ ಒಬ್ಬ ಲೊಂಬಾರ್ಡಿ ಯುವಕ ಅಧಿಕಾರಿಗೆ ಸುಮಾರು 20 ಜನರನ್ನು ಕರೆದುಕೊಂಡು ಹೋಗಿ ಬಯೊನೆಟ್‌ನಿಂದಲೇ (ಬಂದೂಕಿನ ತುದಿಗೆ ಸಿಕ್ಕಿಸುವ ಚೂರಿ) ಮನೆ ಹಿಡಿ ಎಂಬ ಆದೇಶ ಬಂತು. 20 ಜನ ಆ ಮನೆಗೆ! ಸಣ್ಣ ಸಣ್ಣ ಗುಂಪುಗಳನ್ನು ಒಂದರ ಹಿಂದೆ ಒಂದು ಕಳಿಸಿದ್ದೇ ಆ ದಿನದ ದೊಡ್ಡ ತಪ್ಪು ಎಂದು ಮುಂದೆ ಇತಿಹಾಸಕಾರರು ಬರೆದಿದ್ದಾರೆ. ನನಗೂ ಹಾಗೇ ಅನ್ನಿಸುತ್ತದೆ. ಆ ದಿನ ಮುಖ್ಯ ಅಧಿಕಾರಿಗಳು ಒಬ್ಬೊಬ್ಬರಾಗಿ ಬಿದ್ದರು. ಗ್ಯಾರಿಬಾಲ್ಡಿಯ ಸೇನಾ ಕಚೇರಿಯ ಮುಖ್ಯಸ್ಥ ದವೇರಿಯೋ ಸತ್ತರು. ಕುದುರೆ ಪಡೆಯ ಮಸೀನಾ ಸತ್ತರು. ಗ ಜೊತೆ ಮೊದಲಿಂದ ಇದ್ದ ಆಪ್ತ ಸ್ನೇಹಿತನೊಬ್ಬನಿಗೂ ಗಾಯವಾಯಿತು.

ಇದನ್ನೆಲ್ಲ ಗ ನಾಯಕನ ಪಕ್ಕದಲ್ಲಿ ನಿಂತು ನೋಡುತ್ತಿದ್ದ. ದಿನದ ಬಹುಪಾಲು ಅವನನ್ನು ತನ್ನ ಬಳಿಯೇ ಇಟ್ಟುಕೊಂಡಿದ್ದೆ ಎಂದು ಗ್ಯಾರಿಬಾಲ್ಡಿ ಆಮೇಲೆ ಅವನ ತಾಯಿಗೆ ಬರೆದರು. ಸಂಜೆಯ ಹೊತ್ತಿಗೆ ಅವನು ಮುಂದೆ ಹೋಗಲು ಬಿಡಿ ಎಂದು ಬೇಡಿಕೊಂಡನಂತೆ. ನಾಯಕನ ಪಕ್ಕದ ಜಾಗದಲ್ಲಿ ಗೌರವವಿಲ್ಲ ಎಂದು ಅವನಿಗೆ ಅನ್ನಿಸಿತ್ತು. ಗ್ಯಾರಿಬಾಲ್ಡಿ ಬಿಟ್ಟರು. ಕೆಲವೇ ನಿಮಿಷದಲ್ಲಿ ಅವನು ಗಾಯಗೊಂಡು ಅದೇ ದಾರಿಯಲ್ಲಿ ಹಿಂದೆ ಬಂದ. ಮುಖದಲ್ಲಿ ಸಂತೋಷ ಹೊಳೆಯುತ್ತಿತ್ತು. ಇಬ್ಬರೂ ಒಂದು ಮಾತೂ ಆಡಲಿಲ್ಲ.

ಈ ಪ್ರಕರಣದ ಮೊದಲ ತಿರುವು ಈ ಅಪ್ಪಣೆ. ಸ್ವಲ್ಪ ನಿಂತು ನೋಡೋಣ.

ಸಂಜೆಯಾಗಿತ್ತು. ಮನೆ ಮತ್ತೆ ಕೈಗೆ ಬರುವ ಸಾಧ್ಯತೆ ಬೆಳಗ್ಗೆಗಿಂತ ತುಂಬಾ ಕಡಿಮೆ ಇತ್ತು. ಆದೇಶ ಮುಟ್ಟಿಸುವ ಅಧಿಕಾರಿಗಳು ಆಗಲೇ ಸಾಕಷ್ಟು ಜನ ಬಿದ್ದಿದ್ದರು. ಅಂಥ ಹೊತ್ತಿನಲ್ಲಿ ಉಳಿದ ಸಹಾಯಕನನ್ನು ಕಳಿಸಿಕೊಟ್ಟರೆ ಪಡೆಗೇ ನಷ್ಟ. ಆದರೆ ಕೇಳಿದವನು ಸಂಬಳದ ಸಿಪಾಯಿ ಅಲ್ಲ. ಸ್ವಂತ ಇಷ್ಟದಿಂದ ಬಂದವನು. ಸ್ನೇಹಿತರು ಬೀಳುವುದನ್ನು ಬೆಳಗಿನಿಂದ ನೋಡಿದವನು. ಅವನಿಗೆ 'ಬೇಡ' ಎನ್ನುವುದು ಅವಮಾನ ಮಾಡಿದಂತೆ ಎಂದು ಗ್ಯಾರಿಬಾಲ್ಡಿಗೆ ಅನ್ನಿಸಿರಬೇಕು. ಅವನ ಇಚ್ಛೆಯನ್ನು ಗೌರವಿಸಿದರು. ನನ್ನ ಅಭಿಪ್ರಾಯ ಕಟುವಾಗಿ ಕೇಳಿಸಬಹುದು: ಆ ಗೌರವದಲ್ಲಿ ಪ್ರೀತಿ ಇತ್ತು, ಜವಾಬ್ದಾರಿ ಇರಲಿಲ್ಲ. ತಾನಾಗಿ ಬಂದವನು ತನ್ನ ಜೀವದ ಮೇಲಿನ ತೀರ್ಮಾನವನ್ನು ಭಾಗಶಃ ನಾಯಕನ ಕೈಗೆ ಒಪ್ಪಿಸಿರುತ್ತಾನೆ. ಬೆಳಗಿನಿಂದ ಸಂಜೆವರೆಗೆ ಗ್ಯಾರಿಬಾಲ್ಡಿ ಅದನ್ನು ಚೆನ್ನಾಗಿಯೇ ಕಾಪಾಡಿದ್ದರು. ದಣಿವು ಮತ್ತು ದುಃಖ ಹೆಚ್ಚಾದ ಹೊತ್ತಿನಲ್ಲಿ ಕೈಬಿಟ್ಟರು.

ಗಾಯ ಆದದ್ದು ಹೇಗೆ ಎಂಬ ಬಗ್ಗೆ ಹೆಚ್ಚು ಪ್ರಚಾರದಲ್ಲಿರುವ ಹೇಳಿಕೆ ಇದು: ಓಡುವ ಗಡಿಬಿಡಿಯಲ್ಲಿ ಅವನ ಕಡೆಯವನದೇ ಬಯೊನೆಟ್ ಎಡಗಾಲಿಗೆ ಚುಚ್ಚಿತು. ಇಕ್ಕಟ್ಟಾದ ದಾರಿ, ಏರು, ಮುಂದಿನವರು ಹಿಂದಕ್ಕೆ ಬರುತ್ತಿದ್ದಾರೆ, ಹಿಂದಿನವರು ಮುಂದಕ್ಕೆ ನುಗ್ಗುತ್ತಿದ್ದಾರೆ. ಎಲ್ಲರ ಬಂದೂಕಿನ ತುದಿಯಲ್ಲೂ ಚೂರಿ. ಇದರಲ್ಲಿ ಆಶ್ಚರ್ಯವೇನಿಲ್ಲ.

ಆಸ್ಪತ್ರೆ

ಅವನನ್ನು ಟೈಬರ್ ನದಿಯ ಈಚೆ ಇದ್ದ ಟ್ರಿನಿಟಾ ದೇಯಿ ಪೆಲ್ಲೆಗ್ರೀನಿಗೆ ತಂದರು. ಅದು ಮೊದಲು ಯಾತ್ರಿಕರು ತಂಗುತ್ತಿದ್ದ ಛತ್ರ. ಯುದ್ಧದ ಆಸ್ಪತ್ರೆಗಳನ್ನು ನಡೆಸುವ ಹೊಣೆಯನ್ನು ಮ್ಯಾಜಿನಿ ಅವರು ಕ್ರಿಸ್ಟಿನಾ ಬೆಲ್‌ಜೊಯೋಸೊ ಎಂಬ ಮಿಲಾನ್‌ನ ಕುಲೀನ ಮನೆತನದ ಹೆಣ್ಣುಮಗಳಿಗೆ ಒಪ್ಪಿಸಿದ್ದರು. ಗಾಯಾಳುಗಳ ಆರೈಕೆಗೆ ಆಕೆ ಹೆಂಗಸರನ್ನು ಕರೆದರು. ಶ್ರೀಮಂತ ಮನೆಯವರು, ಬಡವರು, ವೇಶ್ಯೆಯರು, ಎಲ್ಲರೂ ಬಂದರು. ಆಕೆ ಯಾರನ್ನೂ ತಳ್ಳಲಿಲ್ಲ, ಕೆಲಸಕ್ಕೆ ಮಾತ್ರ ಕಟ್ಟುನಿಟ್ಟು ಹಾಕಿದರು. ಟೈಬರ್ ನಡುಗಡ್ಡೆಯ ಆಸ್ಪತ್ರೆಯನ್ನು ಅಮೆರಿಕದ ಪತ್ರಕರ್ತೆ ಮಾರ್ಗರೆಟ್ ಫುಲ್ಲರ್ ನೋಡಿಕೊಂಡರು. ಫ್ಲಾರೆನ್ಸ್ ನೈಟಿಂಗೇಲ್ ಕ್ರಿಮಿಯಾ ಯುದ್ಧಕ್ಕೆ ಹೋಗಿದ್ದು ಇದಾದ ಐದು ವರ್ಷಕ್ಕೆ. 1849ರ ಡಿಸೆಂಬರ್‌ನಲ್ಲಿ ಪೋಪ್, ಸಾಯುವ ಗಾಯಾಳುಗಳನ್ನು ವೇಶ್ಯೆಯರ ಕೈಗೆ ಒಪ್ಪಿಸಿದರು ಎಂದು ಬರೆದು ದೂಷಿಸಿದರು. ಬೆಲ್‌ಜೊಯೋಸೊ ಉತ್ತರ ಕೊಟ್ಟರು. ಆ ಹೆಂಗಸರ ಬಗ್ಗೆ ನನಗೆ ತುಂಬಾ ಗೌರವ ಇದೆ. ಈ ಪ್ರಕರಣದಲ್ಲಿ ತಪ್ಪು ಹುಡುಕುವಾಗ ಅವರ ಕಡೆ ಬೆರಳು ತೋರಿಸಬೇಕಾದ ಜಾಗ ಒಂದೂ ಇಲ್ಲ.

ತೊಂದರೆ ಇದ್ದದ್ದು ಗಾಯದಲ್ಲೇ. ನೋಡಲು ಅದು ದೊಡ್ಡದಾಗಿರಲಿಲ್ಲ. ಬೇಗ ವಾಸಿಯಾಗುತ್ತದೆ ಎಂದೇ ಎಲ್ಲರೂ ನಂಬಿದರು.

ಬಯೊನೆಟ್ ಗಾಯ ಮೋಸ ಮಾಡುವುದು ಇಲ್ಲೇ. ಚರ್ಮದ ಮೇಲೆ ಬಾಯಿ ಚಿಕ್ಕದು, ಒಳಗೆ ಆಳ. ಬಟ್ಟೆಯ ಎಳೆ, ಮಣ್ಣು, ಕುದುರೆ ಸಗಣಿ ಅಂಟಿದ ಧೂಳು, ಎಲ್ಲ ಒಳಕ್ಕೆ ಹೋಗಿ ಕೂರುತ್ತದೆ. ಮೇಲೆ ಬಾಯಿ ಮುಚ್ಚಿಕೊಂಡರೆ ಒಳಗೆ ಗಾಳಿ ಆಡುವುದಿಲ್ಲ. ಗಾಳಿ ಇಲ್ಲದ ಕಡೆಯೇ ಬೆಳೆಯುವ ಸೂಕ್ಷ್ಮಜೀವಿಗಳು ಮಾಂಸವನ್ನು ಕೊಳೆಸುತ್ತವೆ. ಅದೇ ಗ್ಯಾಂಗ್ರೀನ್. 1849ರಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಲಿಸ್ಟರ್ ಕಾರ್ಬಾಲಿಕ್ ಆಮ್ಲದಿಂದ ಗಾಯ ತೊಳೆಯುವ ಕ್ರಮವನ್ನು ಪ್ರಕಟಿಸಿದ್ದು 1867ರಲ್ಲಿ. ವಿಯೆನ್ನಾದಲ್ಲಿ ಸೆಮ್ಮೆಲ್‌ವೈಸ್ 1847ರಲ್ಲೇ ವೈದ್ಯರ ಕೈ ತೊಳೆಸಿ ಬಾಣಂತಿಯರ ಜೀವ ಉಳಿಸಿದ್ದರು, ಆದರೆ ಅವರ ಮಾತನ್ನು ಅವರ ಆಸ್ಪತ್ರೆಯೇ ಪೂರ್ತಿ ಒಪ್ಪಿರಲಿಲ್ಲ. ಹಾಗಾಗಿ ಒಬ್ಬನ ಗಾಯದೊಳಗೆ ಬೆರಳು ಹಾಕಿ ನೋಡಿದ ವೈದ್ಯ ಅದೇ ಬೆರಳನ್ನು ಪಕ್ಕದ ಮಂಚದವನ ಗಾಯಕ್ಕೆ ಹಾಕುತ್ತಿದ್ದ. ಹಳೆಯ ನಾರುಬಟ್ಟೆಯನ್ನು ಕೆರೆದು ಮಾಡಿದ ನಾರನ್ನು ಗಾಯಕ್ಕೆ ತುಂಬುತ್ತಿದ್ದರು. ಜೂನ್ ತಿಂಗಳ ಸೆಕೆ ಬೇರೆ.

ಹಾಗಾದರೆ ಆಗ ಏನು ಗೊತ್ತಿತ್ತು? ಒಂದು ವಿಷಯ ಚೆನ್ನಾಗಿ ಗೊತ್ತಿತ್ತು. ನೆಪೋಲಿಯನ್ ಸೈನ್ಯದ ಶಸ್ತ್ರವೈದ್ಯ ಲರೇ ದಶಕಗಳ ಹಿಂದೆಯೇ ಹೇಳಿಕೊಟ್ಟಿದ್ದರು: ಕಾಲು ಉಳಿಯುವುದಿಲ್ಲ ಅನ್ನಿಸಿದರೆ ಮೊದಲ 24 ಗಂಟೆಯಲ್ಲೇ ಕತ್ತರಿಸಿ, ಜ್ವರ ಏರುವ ಮುಂಚೆ. ಆ ಹೊತ್ತು ಮೀರಿದರೆ ಸುಮ್ನೆ ಕತ್ತರಿ ಎತ್ತಬೇಡಿ, ಜ್ವರ ಇಳಿದು ಕೀವು ಹದಕ್ಕೆ ಬರುವವರೆಗೆ ಕಾಯಿರಿ. ಮುಂದೆ ಅಮೆರಿಕದ ಅಂತರ್ಯುದ್ಧದ ಲೆಕ್ಕವೂ ಇದೇ ಕಡೆ ತೋರಿಸಿತು. ಬೇಗ ಕತ್ತರಿಸಿದವರಿಗಿಂತ ತಡವಾಗಿ ಕತ್ತರಿಸಿದವರಲ್ಲಿ ಸತ್ತವರ ಪಾಲು ಹೆಚ್ಚಿತ್ತು.

ಈಗ ವೈದ್ಯರ ಜಾಗದಲ್ಲಿ ನಿಂತು ನೋಡಿ. ಮೊದಲ ದಿನ ಗಾಯ ಚಿಕ್ಕದು. 21ರ ಹುಡುಗನ ಕಾಲನ್ನು ಅದಕ್ಕಾಗಿ ಕತ್ತರಿಸಿದರೆ ಯಾವ ವೈದ್ಯನನ್ನೂ ಯಾರೂ ಕ್ಷಮಿಸುತ್ತಿರಲಿಲ್ಲ. ಕತ್ತರಿಸದೇ ಇದ್ದದ್ದು ಸರಿಯಾದ ತೀರ್ಮಾನವೇ. ಆಮೇಲೆ ಜ್ವರ, ಬಾವು. ಅಷ್ಟರಲ್ಲಿ ಮೊದಲ ಅವಕಾಶ ಕಳೆದುಹೋಗಿತ್ತು. ಈಗ ನಿಯಮವೇ 'ಕಾಯಿರಿ' ಎನ್ನುತ್ತಿತ್ತು. ಕಾದರು. ಕಾಯುವುದು ಕೂಡ ತಮ್ಮದೇ ಒಂದು ತೀರ್ಮಾನ ಎಂಬುದು ಆ ದಿನಗಳಲ್ಲಿ ಯಾರಿಗೂ ಹೊಳೆದಂತೆ ಕಾಣುವುದಿಲ್ಲ. ದಿನ ದಿನವೂ ಅದು ಹೊಸದಾಗಿ ತೆಗೆದುಕೊಳ್ಳಬೇಕಾದ ತೀರ್ಮಾನ. ಇವತ್ತು ಯಾಕೆ ಕಾಯುತ್ತಿದ್ದೇವೆ? ನಾಳೆ ಏನು ಕಂಡರೆ ಕಾಯುವುದನ್ನು ನಿಲ್ಲಿಸುತ್ತೇವೆ? ಆ ಗಡಿಯನ್ನು ಮೊದಲೇ ಗೆರೆ ಎಳೆದು ಇಟ್ಟುಕೊಳ್ಳದಿದ್ದರೆ, ನೋಡೋಣ ನೋಡೋಣ ಅನ್ನುತ್ತಲೇ ದಿನ ಉರುಳುತ್ತದೆ. ಇಲ್ಲಿ 16 ದಿನ ಉರುಳಿದವು. 19ರಂದು ಕಾಲು ಕತ್ತರಿಸುವ ಹೊತ್ತಿಗೆ ಕೊಳೆತ ಮುಂದೆ ಹೋಗಿತ್ತು.

ಎರಡನೇ ತಿರುವು ಈ 16 ದಿನಗಳು. ನನಗೆ ಇಲ್ಲಿ ಇನ್ನೊಂದು ಸಂಗತಿಯೂ ಕೆಲಸ ಮಾಡಿತು ಅನ್ನಿಸುತ್ತದೆ. ಅವನು ಎಲ್ಲರ ಪ್ರೀತಿಯ ಹುಡುಗ. ಕವಿ. ಮ್ಯಾಜಿನಿಗೆ ಬೇಕಾದವನು. ಆಸ್ಪತ್ರೆಯ ಮಂಚದ ಸುತ್ತ ಸ್ನೇಹಿತರು. ಗಾಯವಾದ ಹೊತ್ತಿನಲ್ಲೇ ನಗುಮುಖ ತೋರಿಸಿದವನು ಮಂಚದ ಮೇಲೆ ಗೋಳಾಡಿರಲಿಕ್ಕಿಲ್ಲ. ನೋವು ತೋರಿಸಿಕೊಳ್ಳದ ರೋಗಿಯ ಬಗ್ಗೆ ಸುತ್ತಲಿನವರು ಯಾವಾಗಲೂ ತಪ್ಪು ಲೆಕ್ಕ ಹಾಕುತ್ತಾರೆ. ಚೆನ್ನಾಗಿದ್ದಾನೆ, ಮಾತಾಡುತ್ತಿದ್ದಾನೆ, ಅಲ್ವಾ, ಎಂದು. ಧೈರ್ಯವಂತ ಸ್ವಯಂಸೇವಕರ ಜೊತೆ ಕೆಲಸ ಮಾಡಿದ ಯಾರಿಗೂ ಇದು ಗೊತ್ತಿರುವ ವಿಷಯ. ಅವರ ಮುಖ ನೋಡಿ ಅಳೆಯಬಾರದು. ನಾಡಿ ನೋಡಬೇಕು, ಗಾಯದ ಬಣ್ಣ ನೋಡಬೇಕು, ವಾಸನೆ ನೋಡಬೇಕು.

ಇಷ್ಟು ಹೇಳಿದ ಮೇಲೆ ನ್ಯಾಯವಾಗಿ ಇನ್ನೊಂದನ್ನೂ ಹೇಳಬೇಕು. ಆ ವೈದ್ಯರು ಶಾಂತಿಕಾಲದ ಆಸ್ಪತ್ರೆಯಲ್ಲಿ ಇರಲಿಲ್ಲ. ಜೂನ್ 3ರಂದು ಒಂದೇ ದಿನ ನೂರಾರು ಗಾಯಾಳುಗಳು ಬಂದರು. ಮುಂದಿನ ದಿನಗಳಲ್ಲೂ ಬರುತ್ತಲೇ ಇದ್ದರು. ಗುಡ್ಡದ ಮೇಲಿಂದ ಹಾರಿಸಿದ ಗುಂಡುಗಳು ನಗರದೊಳಗೂ ಬೀಳತೊಡಗಿದವು. ರೋಮ್‌ನಲ್ಲಿದ್ದ ಬೇರೆ ಬೇರೆ ದೇಶಗಳ ಕಾನ್ಸಲ್‌ಗಳು ಸೇರಿ ಉದಿನೋಗೆ ಪ್ರತಿಭಟನೆಯ ಪತ್ರ ಕಳಿಸಬೇಕಾಯಿತು. ಅಂಥ ಕಡೆ ಒಬ್ಬ ರೋಗಿಯ ಒಂದು ಕಾಲಿನ ಬಗ್ಗೆ ದಿನಾ ಕೂತು ಯೋಚಿಸಲು ಯಾರಿಗೆ ಪುರಸೊತ್ತು? ಹಾಗಾಗಿಯೇ ಗಡಿಯ ಗೆರೆ ಮೊದಲೇ ಬೇಕಿತ್ತು ಎನ್ನುತ್ತೇನೆ. ಪುರಸೊತ್ತಿಲ್ಲದ ದಿನಗಳಿಗಾಗಿಯೇ ಅದು ಇರುವುದು.

ಕೊನೆಯ 17 ದಿನ

ಕಾಲು ಹೋದ ಮೇಲೂ ವಿಷ ರಕ್ತದಲ್ಲಿ ಉಳಿಯಿತು. ಅವನು ಮಲಗಿದ್ದಂತೆ ಹೊರಗೆ ಗಣರಾಜ್ಯವೂ ಮುಗಿಯುತ್ತಾ ಬಂತು. ಜೂನ್ 21ರ ರಾತ್ರಿ ಫ್ರೆಂಚರು ಒಡೆದ ಗೋಡೆಯ ಮೇಲೇರಿ ಕೊತ್ತಲಗಳನ್ನು ಹಿಡಿದರು. 30ರಂದು ಕೊನೆಯ ದೊಡ್ಡ ಕಾಳಗದಲ್ಲಿ ಲೊಂಬಾರ್ಡಿ ಪಡೆಯ ನಾಯಕ ಮನಾರಾ ಸತ್ತರು. ಅವರ ವಯಸ್ಸು 24. ಅದೇ ದಿನ ಶಾಸನಸಭೆ ಇನ್ನು ಹೋರಾಟ ನಿಲ್ಲಿಸೋಣ ಎಂದು ತೀರ್ಮಾನಿಸಿತು. ಜುಲೈ 2ರಂದು ಗ್ಯಾರಿಬಾಲ್ಡಿ ಸುಮಾರು 4 ಸಾವಿರ ಜನರೊಂದಿಗೆ ನಗರ ಬಿಟ್ಟರು. 3ರಂದು ಫ್ರೆಂಚ್ ಸೈನ್ಯ ಒಳಬಂತು. ಬಿಟ್ಟುಹೋದವರು ಗಾಯಾಳುಗಳನ್ನು ಕರೆದೊಯ್ಯಲು ಆಗಲಿಲ್ಲ. 6ರ ಬೆಳಗ್ಗೆ ಗ ಸತ್ತ. ಇನ್ನೆರಡು ತಿಂಗಳಿಗೆ ಅವನಿಗೆ 22 ತುಂಬುತ್ತಿತ್ತು. ಅವನ ಅವಶೇಷಗಳನ್ನು ಮುಂದೆ ರೋಮ್‌ನ ವೆರಾನೋ ಸ್ಮಶಾನಕ್ಕೆ, 1941ರಲ್ಲಿ ಜನಿಕುಲಂ ಗುಡ್ಡದ ಸ್ಮಾರಕಕ್ಕೆ ಸಾಗಿಸಿದರು.

ಅದೇ ದಿನ ಗಾಯಗೊಂಡ ಅವನ ಸ್ನೇಹಿತ ಬದುಕಿದ. 1860ರಲ್ಲಿ ಗ್ಯಾರಿಬಾಲ್ಡಿ ಸಾವಿರ ಜನರೊಂದಿಗೆ ಸಿಸಿಲಿಗೆ ಹಡಗು ಹತ್ತಿದಾಗ ಅವರ ಬಲಗೈಯಾಗಿ ಹೋದ.

13 ವರ್ಷದ ಮೇಲೆ, ಇನ್ನೊಂದು ಕಾಲು

ಈ ಪ್ರಕರಣವನ್ನು ಓದಿದವರು ಸುಲಭವಾಗಿ ತಲುಪುವ ತೀರ್ಮಾನ ಒಂದಿದೆ: ತಡ ಮಾಡದೆ ಕತ್ತರಿಸಬೇಕಿತ್ತು. ನಾನು ಅದನ್ನು ಒಪ್ಪುವುದಿಲ್ಲ. ಯಾಕೆ ಎಂದು ಹೇಳಲು ಇನ್ನೊಂದು ಗಾಯದ ಕಥೆ ಬೇಕು. ಗಾಯಾಳು ಸ್ವತಃ ಗ್ಯಾರಿಬಾಲ್ಡಿ.

1862ರ ಆಗಸ್ಟ್ 29. ರೋಮ್ ಕಡೆ ಮತ್ತೆ ಹೊರಟಿದ್ದ ಅವರನ್ನು ಇಟಲಿಯ ಸರ್ಕಾರಿ ಸೈನ್ಯವೇ ಕಲಾಬ್ರಿಯಾದ ಆಸ್ಪ್ರೊಮೊಂತೆಯಲ್ಲಿ ತಡೆಯಿತು. ಗುಂಡೊಂದು ಅವರ ಬಲಗಾಲಿನ ಪಾದದ ಗಂಟಿಗೆ ಹೊಕ್ಕಿತು. ಆಗ ಅವರಿಗೆ 55 ವರ್ಷ. ಲಿಸ್ಟರ್‌ಗೆ ಇನ್ನೂ ಐದು ವರ್ಷ ಬಾಕಿ. ಅಂದರೆ ಸೋಂಕಿನ ಬಗ್ಗೆ ತಿಳಿದದ್ದು 1849ಕ್ಕಿಂತ ಜಾಸ್ತಿ ಏನೂ ಇರಲಿಲ್ಲ. ಕಾಲು ಊದಿತು, ಕೀವಾಯಿತು. ಗುಂಡು ಒಳಗಿದೆಯೋ ಇಲ್ಲವೋ ಎಂದೇ ವೈದ್ಯರಲ್ಲಿ ಜಗಳ. ಕತ್ತರಿಸಬೇಕು ಎಂಬ ಮಾತೂ ಬಂತು.

ನಡೆದದ್ದು ಬೇರೆ. ಅವರ ಜೊತೆಗಿದ್ದ ವೈದ್ಯರಲ್ಲಿ ರಿಪಾರಿ ಕೂಡ ಇದ್ದರು. 1849ರಲ್ಲೂ ಅವರ ಜೊತೆ ಇದ್ದವರು ಇವರು. ಹೊರಗಿನಿಂದ ಒಬ್ಬರಾದ ಮೇಲೆ ಒಬ್ಬರನ್ನು ಕರೆಸಿದರು. ಇಂಗ್ಲೆಂಡಿನ ಪಾರ್ಟ್ರಿಜ್ ಬಂದು ಗುಂಡು ಒಳಗಿಲ್ಲ ಎಂದರು. ರಷ್ಯಾದ ಪಿರೊಗೊವ್ ಬಂದು ಗುಂಡು ಇದೆ, ಆದರೆ ಆತುರ ಬೇಡ ಎಂದರು. ಫ್ರಾನ್ಸ್‌ನ ನೆಲತೋನ್ ಕೂಡ ಇದೆ, ಕತ್ತರಿಸಬೇಡಿ ಎಂದರು. ಹೊಳಪು ಕೊಡದ ಪಿಂಗಾಣಿಯ ತುದಿಯಿರುವ ಸಲಾಕೆಯೊಂದನ್ನು ಅವರು ಮಾಡಿಸಿದರು. ಒಳಗೆ ಸೀಸಕ್ಕೆ ತಾಗಿದರೆ ಬಿಳಿ ತುದಿಯ ಮೇಲೆ ಕಪ್ಪು ಗುರುತು ಬೀಳುತ್ತದೆ, ಮೂಳೆಗೆ ತಾಗಿದರೆ ಬೀಳುವುದಿಲ್ಲ. ಗುರುತು ಬಿತ್ತು. ನವೆಂಬರ್ 23ರಂದು ಪೀಸಾದಲ್ಲಿ ಜನ್ನೆತ್ತಿ ಎಂಬ ವೈದ್ಯರು ಗುಂಡನ್ನು ಹೊರತೆಗೆದರು. ಕಾಲು ಉಳಿಯಿತು.

ಹೆಚ್ಚುಕಡಿಮೆ ಮೂರು ತಿಂಗಳು ಕಾದರು, ರೋಗಿ ಬದುಕಿದ. ಹಾಗಾದರೆ ಎರಡು ಕಾಯುವಿಕೆಗಳ ನಡುವೆ ವ್ಯತ್ಯಾಸ ಏನು? ಅದೃಷ್ಟದ ಪಾಲು ಖಂಡಿತ ಇದೆ. ಒಂದು ಗ್ಯಾಂಗ್ರೀನ್‌ಗೆ ತಿರುಗಿತು, ಇನ್ನೊಂದು ತಿರುಗಲಿಲ್ಲ. ಫಿರಂಗಿ ಇರಲಿಲ್ಲ, ನೂರಾರು ಬೇರೆ ಗಾಯಾಳುಗಳೂ ಇರಲಿಲ್ಲ. ಆದರೆ ಅಷ್ಟೇ ಅಲ್ಲ. 1862ರಲ್ಲಿ ಕಾಯುವುದಕ್ಕೆ ಒಂದು ಪ್ರಶ್ನೆ ಇತ್ತು: ಗುಂಡು ಒಳಗಿದೆಯಾ? ಅದಕ್ಕೆ ಉತ್ತರ ಹುಡುಕುತ್ತಾ ಕಾದರು. ಒಬ್ಬ ವೈದ್ಯನ ಮಾತನ್ನು ಇನ್ನೊಬ್ಬ ತಿದ್ದಬಹುದಿತ್ತು, ತಿದ್ದಿದ. ರೋಗಿಯ ಕೀರ್ತಿ ಅವನ ಪರವಾಗಿ ಕೆಲಸ ಮಾಡಿತು, ಅಷ್ಟೊಂದು ಕಣ್ಣುಗಳು ಆ ಕಾಲಿನ ಮೇಲಿದ್ದವು. ಮನಸ್ಸಿಗೆ ಚುಚ್ಚುವ ಮಾತು ಇದೇ. ನಾಯಕನ ಕಾಲಿಗೆ ಯುರೋಪಿನ ಅರ್ಧ ವೈದ್ಯರು ಬಂದರು. ನಾಯಕನ ಅಪ್ಪಣೆ ಪಡೆದು ಓಡಿದ ಹುಡುಗನ ಕಾಲಿಗೆ ಅಂಥ ಎರಡನೇ ಅಭಿಪ್ರಾಯ ಬೇಕಾದ ಹೊತ್ತಿನಲ್ಲಿ ಸಿಗಲಿಲ್ಲ.

ಈ ಪ್ರಕರಣವನ್ನು ಗುಂಪಿನಲ್ಲಿ ಕೂತು ಓದುವವರಿಗೆ ಒಂದು ಸಲಹೆ ಇದೆ. ಆಸ್ಪತ್ರೆಯಿಂದ ಶುರು ಮಾಡಬೇಡಿ. ಹಾಗೆ ಮಾಡಿದರೆ ಚರ್ಚೆ ವೈದ್ಯರ ಮೇಲೆಯೇ ನಿಂತುಬಿಡುತ್ತದೆ. ಮೊದಲು ಜೂನ್ 3ರ ಸಂಜೆಯ ಅಪ್ಪಣೆಯನ್ನು ಎತ್ತಿಕೊಳ್ಳಿ. ಇಬ್ಬರು ಎದ್ದು ನಿಂತು ಒಬ್ಬರು ಗ ಆಗಿ, ಒಬ್ಬರು ಗ್ಯಾರಿಬಾಲ್ಡಿ ಆಗಿ ಮಾತಾಡಲಿ. ಬೇಡುವವನನ್ನು ಅವಮಾನ ಮಾಡದೆ ಹೇಗೆ ನಿಲ್ಲಿಸಬಹುದು, ಅವನಿಗೆ ಆ ಹೊತ್ತಿನಲ್ಲಿ ಬೇರೆ ಯಾವ ನಿಜವಾದ ಕೆಲಸ ಕೊಡಬಹುದಿತ್ತು ಎಂದು ಹುಡುಕಲಿ. ಆಮೇಲೆ ಜೂನ್ 4ರಿಂದ 19ರವರೆಗಿನ ದಿನಗಳನ್ನು ಹಲಗೆಯ ಮೇಲೆ ಬರೆದು, ಪ್ರತಿ ದಿನದ ಎದುರಿಗೆ 'ಇವತ್ತು ತೀರ್ಮಾನ ಯಾರದ್ದು' ಎಂದು ಒಂದು ಖಾಲಿ ಜಾಗ ಬಿಡಿ. ಅದನ್ನು ತುಂಬುವಾಗ ಗ ಜಾಗದಲ್ಲಿ ನಿಮ್ಮ ತಂಡದ ಅತಿ ಉತ್ಸಾಹದ ಹುಡುಗನನ್ನೋ ಹುಡುಗಿಯನ್ನೋ ಇಟ್ಟು ನೋಡಿ.